ಗೆರೆ ನೋಡಲು ಕಲಿಯಿರಿ: ಮಾದರಿ ವಿಮಾನಗಳ ಕಸರತ್ತಿನ ಸ್ಪರ್ಧೆಗೆ ಹೋಗುವವರಿಗೆ

ಮಾದರಿ ವಿಮಾನಗಳ ಕಸರತ್ತಿನ ಸ್ಪರ್ಧೆ ಇದೆ ಎಂದು ಗೊತ್ತಾದ ಕೂಡಲೇ ಸಂಘಟಕರಿಗೆ ಒಂದು ಫೋನ್ ಹಚ್ಚಿ ಯಾವ ವರ್ಗ ಎಂದು ಕೇಳಿಕೊಳ್ಳಿ. ಎಷ್ಟು ಹೊತ್ತಿಗೆ ಹೋಗಬೇಕು, ಎಲ್ಲಿ ಕೂರಬೇಕು, ಮಕ್ಕಳನ್ನು ಕರೆದೊಯ್ಯಬಹುದೋ ಇಲ್ಲವೋ, ಎಲ್ಲವೂ ಆ ಉತ್ತರದ ಮೇಲೆ ನಿಂತಿದೆ.

ದೊಡ್ಡ ಸ್ಪರ್ಧೆಗಳ ವರ್ಗ ಎಫ್‌3ಎ. ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟವಾದ ಎಫ್‌ಎಐ, ನೆಲದ ಮೇಲೆ ನಿಂತು ರೇಡಿಯೋ ಮೂಲಕ ನಡೆಸುವ ಮಾದರಿ ವಿಮಾನಗಳ ಕಸರತ್ತಿಗೆ 1960ರಿಂದ ವಿಶ್ವ ಚಾಂಪಿಯನ್‌ಷಿಪ್ ನಡೆಸಿಕೊಂಡು ಬಂದಿದೆ. ರೆಕ್ಕೆ ತುದಿಯಿಂದ ತುದಿಗೆ 2 ಮೀಟರ್ ಮೀರುವಂತಿಲ್ಲ, ಉದ್ದವೂ ಅಷ್ಟೇ. ತೂಕ 5 ಕೆ.ಜಿ. ಆಸುಪಾಸು. ಪೈಲಟ್ ನಿಂತಲ್ಲಿಂದ ಸುಮಾರು 150 ಮೀಟರ್ ಮುಂದೆ ಹಾರಿಸುತ್ತಾರೆ. ಅವರ ಎದುರಿನ ನಡುಗೆರೆಯಿಂದ ಎಡಕ್ಕೆ 60 ಡಿಗ್ರಿ, ಬಲಕ್ಕೆ 60, ಮೇಲಕ್ಕೆ 60. ಕಣ್ಣಿಗೆ ಕಾಣದ ಈ ಪೆಟ್ಟಿಗೆಯೊಳಗೇ ಎಲ್ಲವೂ ಮುಗಿಯಬೇಕು. ಇದಕ್ಕೆ ಬಾಕ್ಸ್ ಎಂದೇ ಹೆಸರು. 150 ಮೀಟರ್ ದೂರದಲ್ಲಿ 60 ಡಿಗ್ರಿ ಎಂದರೆ ಬದಿಗೆ 260 ಮೀಟರ್. ಎರಡೂ ಬದಿ ಸೇರಿ 520 ಮೀಟರ್ ಅಗಲ, 260 ಮೀಟರ್ ಎತ್ತರ. ಕಾರವಾರದ ಮಾಲಾದೇವಿ ಮೈದಾನವಾಗಲಿ ಶಿರಸಿಯ ವಿಕಾಸಾಶ್ರಮ ಮೈದಾನವಾಗಲಿ ಇದಕ್ಕೆ ಸಾಲುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಷ್ಟು ಜಾಗ ಸಿಗುವುದು ಉದ್ದನೆಯ ಕಡಲತೀರದಲ್ಲಿ, ಇಲ್ಲವೇ ಘಟ್ಟದ ಮೇಲೆ ಕೊಯ್ಲು ಮುಗಿದ ಗದ್ದೆಬಯಲಿನಲ್ಲಿ, ಮರವಿಲ್ಲದ ದೊಡ್ಡ ಹುಲ್ಲಿನ ಬೇಣದಲ್ಲಿ.

ಎರಡನೆಯದು ಐಮ್ಯಾಕ್ ಪದ್ಧತಿ. ನಿಜವಾದ ಕಸರತ್ತಿನ ವಿಮಾನಗಳ ಪಡಿಯಚ್ಚಿನಂಥ ದೊಡ್ಡ ಮಾದರಿಗಳು, ಹೆಚ್ಚಾಗಿ ಪೆಟ್ರೋಲ್ ಎಂಜಿನ್. ಬೇಸಿಕ್‌ನಿಂದ ಅನ್‌ಲಿಮಿಟೆಡ್‌ವರೆಗೆ ಐದು ಮೆಟ್ಟಿಲು, ಕೊನೆಗೆ ಸಂಗೀತಕ್ಕೆ ಹಾರಿಸುವ ಫ್ರೀಸ್ಟೈಲ್.

ಮೂರನೆಯದು ಎಫ್‌2ಬಿ, ಅಂದರೆ ತಂತಿ ವಿಮಾನ. ಪೈಲಟ್ ವೃತ್ತದ ನಡುವೆ ನಿಂತು ಎರಡು ತೆಳು ತಂತಿಗಳಿಂದ ವಿಮಾನವನ್ನು ತನ್ನ ಸುತ್ತ ಆಡಿಸುತ್ತಾನೆ. ತಂತಿ ಹೆಚ್ಚೆಂದರೆ 21.5 ಮೀಟರ್. ಶಾಲೆಯ ಮೈದಾನದಲ್ಲೂ ನಡೆಸಬಹುದಾದ್ದರಿಂದ ನಮ್ಮ ಊರುಗಳಿಗೆ ಹೇಳಿಮಾಡಿಸಿದ ವರ್ಗ ಇದೇ. ಆದರೂ ಜನ ಇದನ್ನು ಮಕ್ಕಳಾಟ ಅಂದುಕೊಳ್ಳುತ್ತಾರೆ. 7 ನಿಮಿಷ ತಿರುಗುತ್ತಲೇ ಇದ್ದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಚೌಕ, ತ್ರಿಕೋನ, ಎಂಟರ ಆಕಾರ ಬಿಡಿಸುವವರನ್ನು ಒಮ್ಮೆ ನೋಡಿದರೆ ಆ ಮಾತು ನಿಲ್ಲುತ್ತದೆ.

ಕಾಲೇಜುಗಳ ಉತ್ಸವದಲ್ಲಿ ಸಾಮಾನ್ಯವಾಗಿ ಇರುವುದು 1 ಮೀಟರ್ ಆಸುಪಾಸಿನ ಫೋಮ್ ವಿಮಾನ. ಅದನ್ನು ಹತ್ತಿರದಲ್ಲೇ ಹಾರಿಸುತ್ತಾರೆ, ನಿಯಮಗಳೂ ಸಡಿಲ. ಮುಂದೆ ಹೇಳುವ ಅಂಕದ ಲೆಕ್ಕ ಅಲ್ಲಿ ಪೂರ್ತಿ ಹೊಂದದಿದ್ದರೂ ನೋಡುವ ಕ್ರಮ ಅದೇ.

ಹೊತ್ತು, ಗಾಳಿ, ಬಿಸಿಲು

ಜೂನ್‌ನಿಂದ ಸೆಪ್ಟೆಂಬರ್ ಲೆಕ್ಕಕ್ಕೇ ಇಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಕರಾವಳಿಯಲ್ಲಿ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ, ನಂತರ ಒಂದಿಷ್ಟು ಹೊತ್ತು ನಿಂತೇಹೋಗುತ್ತದೆ. ಹತ್ತು ಹನ್ನೊಂದರ ಸುಮಾರಿಗೆ ಕಡಲ ಗಾಳಿ ಶುರುವಾಗಿ ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಜೋರಾಗುತ್ತದೆ. ಹೀಗಾಗಿ ಚೆಂದದ ಹಾರಾಟ ನೋಡಬೇಕಾದರೆ ಬೆಳಿಗ್ಗೆ 7ಕ್ಕೆ ಅಲ್ಲಿರಬೇಕು. ತಿಂಡಿ ಮುಗಿಸಿ ಹತ್ತಕ್ಕೆ ಹೊರಟವರಿಗೆ ಗಾಳಿಯ ಜೊತೆ ಗುದ್ದಾಡುವ ವಿಮಾನಗಳಷ್ಟೇ ಸಿಗುತ್ತವೆ. ಅದೂ ನೋಡುವಂಥದ್ದೇ, ಆದರೆ ಮೊದಲ ಸಲ ಬಂದವರಿಗೆ ಗೆರೆ ಸ್ಪಷ್ಟ ಕಾಣುವುದಿಲ್ಲ. ಶಿರಸಿ, ಸಿದ್ದಾಪುರದ ಕಡೆ ಇದಕ್ಕೆ ವಿರುದ್ಧ: ಚಳಿಗಾಲದಲ್ಲಿ ಮಂಜು ಕರಗದೆ ಹಾರಾಟವಿಲ್ಲ, ಎಂಟೂವರೆ ಒಂಬತ್ತಕ್ಕೆ ಹೋದರೂ ನಷ್ಟವಿಲ್ಲ.

ನಮ್ಮ ಕಡಲತೀರ ಪಶ್ಚಿಮಕ್ಕೆ ಮುಖ ಮಾಡಿದೆ. ಪೈಲಟ್ ಕಡಲಿಗೆ ಎದುರಾಗಿ ನಿಂತರೆ ವಿಮಾನ ನೀರಿನ ಮೇಲೆ ಹಾರುತ್ತದೆ, ಬೆಳಗಿನ ಬಿಸಿಲು ಎಲ್ಲರ ಬೆನ್ನಿಗೆ ಬೀಳುತ್ತದೆ. ಇದಕ್ಕಿಂತ ಒಳ್ಳೆಯ ಬೆಳಕು ಬೇರೆಲ್ಲೂ ಸಿಗದು. ಮಧ್ಯಾಹ್ನದ ಮೇಲೆ ಸೂರ್ಯ ಬಾಕ್ಸ್‌ನ ಎಡಬದಿಗೆ, ಅಂದರೆ ದಕ್ಷಿಣ-ಪಶ್ಚಿಮಕ್ಕೆ ಇಳಿದು ಕಣ್ಣು ಕುಕ್ಕುತ್ತಾನೆ. ಬಯಲಿನಲ್ಲಿ ಉತ್ತರಕ್ಕೆ ಮುಖ ಮಾಡಿ ಹಾರಿಸುವ ವ್ಯವಸ್ಥೆ ಇದ್ದರೆ ಚಳಿಗಾಲದಲ್ಲಿ ಇಡೀ ದಿನ ಸೂರ್ಯ ಬೆನ್ನ ಕಡೆಗೇ ಇರುತ್ತಾನೆ.

ತೀರದಲ್ಲಿ ನಡೆಯುವುದಾದರೆ ಉಬ್ಬರ ಇಳಿತದ ಹೊತ್ತನ್ನೂ ನೋಡಿಕೊಳ್ಳಿ. ವಿಮಾನ ಏರಲು ಬೇಕಾದ ಗಟ್ಟಿ ಮರಳು ಸಿಗುವುದು ಇಳಿತದಲ್ಲಿ ಮಾತ್ರ. ವೇಳಾಪಟ್ಟಿಯಲ್ಲಿ ಎರಡು ತಾಸು ಖಾಲಿ ಬಿಟ್ಟಿದ್ದರೆ ಕಾರಣ ಅದೇ ಇರಬಹುದು, ಊಟ ಮುಗಿಸಿಕೊಳ್ಳಿ.

ಕೂರುವ ಜಾಗ

ಪೈಲಟ್‌ನ ಹಿಂದೆ ತೀರ್ಪುಗಾರರು ಸಾಲಾಗಿ ಕುರ್ಚಿ ಹಾಕಿಕೊಂಡಿರುತ್ತಾರೆ. ಅವರ ಹಿಂದೆ ಹಗ್ಗ ಕಟ್ಟಿರುತ್ತದೆ. ಹಗ್ಗದ ಹಿಂದೆ, ಆದಷ್ಟು ನಡುಗೆರೆಗೆ ನೇರವಾಗಿ ಕುಳಿತುಕೊಳ್ಳಿ. ನಡುಗೆರೆ ತಿಳಿಯಲು ಎದುರಿಗೆ ಕಂಬ ಅಥವಾ ಬಾವುಟ ನೆಟ್ಟಿರುತ್ತಾರೆ; ಕಡಲತೀರವಾದರೆ ನೀರಂಚಿನಲ್ಲಿ. ಬದಿಗೆ 50 ಮೀಟರ್ ಸರಿದು ಕೂತರೂ ವಿಮಾನ ಮೇಲೆದ್ದು ಹಾಕುವ ದುಂಡಗಿನ ಸುತ್ತು, ಅಂದರೆ ಲೂಪ್, ಮೊಟ್ಟೆಯ ಹಾಗೆ ಕಂಡೀತು, ನಡುವೆಯೇ ಮಾಡಿದ್ದು ಬದಿಗೆ ಹೋದಂತೆ ಅನಿಸೀತು. ತೀರ್ಪುಗಾರರ ಮೇಲೆ ಸುಮ್ಮನೆ ಸಿಟ್ಟು ಮಾಡಿಕೊಳ್ಳುವವರಲ್ಲಿ ಅರ್ಧ ಜನ ಬದಿಯಲ್ಲಿ ಕೂತವರು.

ತಂತಿ ವಿಮಾನಕ್ಕೆ ಮಾತ್ರ ಬೇರೆ ಲೆಕ್ಕ. ಪೈಲಟ್ ಗಾಳಿಗೆ ಬೆನ್ನು ಕೊಟ್ಟು, ಗಾಳಿ ಹೋಗುವ ಕಡೆ ಆಕಾರಗಳನ್ನು ಬಿಡಿಸುತ್ತಾನೆ. ಆದ್ದರಿಂದ ಗಾಳಿ ಬರುವ ಕಡೆ, ವೃತ್ತದ ಹೊರಗೆ ಕೂರಬೇಕು. ಮೈದಾನದ ಪಕ್ಕ ವಿದ್ಯುತ್ ತಂತಿ ಹಾದುಹೋಗಿದ್ದರೆ, ಹಾರಿಸುವವರು ಎಷ್ಟೇ ಧೈರ್ಯ ಹೇಳಿದರೂ ಮಕ್ಕಳನ್ನು ಕರೆದುಕೊಂಡು ಮನೆಗೆ ಬನ್ನಿ. ಲೋಹದ ತಂತಿ ಕೈಯಲ್ಲಿ ಹಿಡಿದವರು ಅಲ್ಲಿ ನಿಲ್ಲಲೇಬಾರದು.

ಚೀಲದಲ್ಲಿ ಏನಿರಬೇಕು

ಅಂಚು ಅಗಲವಿರುವ ಟೊಪ್ಪಿ, ಬೂದು ಬಣ್ಣದ ಪೋಲರೈಸ್ಡ್ ಕನ್ನಡಕ, ತಗ್ಗಿನ ಕುರ್ಚಿ ಅಥವಾ ಚಾಪೆ. 60 ಡಿಗ್ರಿ ಮೇಲೆ ನೋಡುತ್ತಾ ಅರ್ಧ ದಿನ ಕೂತರೆ ಕುತ್ತಿಗೆ ಹಿಡಿಯುತ್ತದೆ. ಹಿಂದಕ್ಕೆ ಒರಗುವ ಕುರ್ಚಿಯಾದರೆ ಉತ್ತಮ. ಕೊಡೆ ಬೇಡ: ಹಿಂದಿನವರಿಗೆ ಅಡ್ಡ, ಕಡಲ ಗಾಳಿಗೆ ಹಾರಿ ರನ್‌ವೇಗೆ ಹೋದರೆ ಇನ್ನೂ ಕಷ್ಟ. ನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆಯೋ ಮುರುಗಲ ಹಣ್ಣಿನ ಪಾನಕವೋ ಇರಲಿ. ಮರಳಿನ ಮೇಲೆ ಬೆವರು ಹೋಗುವುದು ಗೊತ್ತೇ ಆಗುವುದಿಲ್ಲ.

ದುರ್ಬೀನು ತರಬೇಕೆಂದಿಲ್ಲ. 8×42 ದುರ್ಬೀನಿನಲ್ಲಿ 150 ಮೀಟರ್ ದೂರಕ್ಕೆ ಕಾಣುವ ಅಗಲ ಸುಮಾರು 20 ಮೀಟರ್. ಲೂಪ್ ನೂರು ಮೀಟರ್ ಇರುವಾಗ ಅದರಲ್ಲಿ ವಿಮಾನ ಕಾಣುತ್ತದೆ, ಲೂಪ್ ಕಾಣುವುದಿಲ್ಲ. ಬರಿಗಣ್ಣೇ ಸಾಕು. 2 ಮೀಟರ್ ರೆಕ್ಕೆ ಅಷ್ಟು ದೂರದಲ್ಲಿ ಹುಣ್ಣಿಮೆ ಚಂದ್ರನ ಒಂದೂವರೆ ಪಟ್ಟು ಅಗಲ ಕಾಣುತ್ತದೆ. ಫೋನಿನ ಕ್ಯಾಮೆರಾಗೆ ಇದು ತೀರಾ ಚಿಕ್ಕದು, 4000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ರೆಕ್ಕೆ 50 ಪಿಕ್ಸೆಲ್ ಕೂಡ ಆಗದು. 300 ಅಥವಾ 400 ಎಂಎಂ ಲೆನ್ಸ್ ಇದ್ದವರು ಶಟರ್ 1/500ರ ಹತ್ತಿರ ಇಟ್ಟುಕೊಳ್ಳಿ. 1/2000 ಇಟ್ಟರೆ ಪ್ರೊಪೆಲರ್ ನಿಂತಂತೆ ಬಂದು, ವಿಮಾನವನ್ನು ದಾರದಲ್ಲಿ ನೇತುಹಾಕಿದ ಹಾಗೆ ಕಾಣುತ್ತದೆ.

ಹಾರಾಟ ಓದುವುದು

ಮೊದಲ ಸಲ ಬಂದವರ ಕಣ್ಣು ವಿಮಾನದ ಮೇಲಿರುತ್ತದೆ. ತೀರ್ಪುಗಾರರ ಕಣ್ಣು ವಿಮಾನ ಎಳೆದುಹೋದ ಗೆರೆಯ ಮೇಲೆ. ರಂಗೋಲಿ ನೋಡುವಾಗ ಹಿಟ್ಟು ಬಿಡುವ ಬೆರಳನ್ನು ಯಾರೂ ನೋಡುತ್ತಾ ಕೂರುವುದಿಲ್ಲವಲ್ಲ, ಹಾಗೆ. ವಿಮಾನದ ಹಿಂದೆ ಹೊಗೆಯ ದಾರವಿದೆ ಎಂದು ಅಂದುಕೊಂಡು ನೋಡಿ. ಎರಡು ಮೂರು ಹಾರಾಟಗಳಲ್ಲಿ ಕಣ್ಣು ಪಳಗುತ್ತದೆ.

ಎಫ್‌3ಎಯಲ್ಲಿ ಒಬ್ಬರ ಹಾರಾಟಕ್ಕೆ 8 ನಿಮಿಷ. ಅದರಲ್ಲಿ ಮೊದಲೇ ಗೊತ್ತುಮಾಡಿದ 17 ಕಸರತ್ತುಗಳು, ಅದೇ ಕ್ರಮದಲ್ಲಿ. ಒಂದು ನಡುವಿನಲ್ಲಿ, ಮುಂದಿನದು ಬಾಕ್ಸ್‌ನ ತುದಿಯಲ್ಲಿ ಹಿಂತಿರುಗುವಾಗ, ಮತ್ತೆ ನಡುವಿನಲ್ಲಿ. ಪೈಲಟ್ ಪಕ್ಕದಲ್ಲಿ ನಿಂತು ಮುಂದಿನದನ್ನು ಓದಿ ಹೇಳುವವರು ಕಾಲರ್. ಇದೇ ಪಟ್ಟಿಯನ್ನು ಸಂಘಟಕರ ಫಲಕದಲ್ಲಿ ಅಂಟಿಸಿರುತ್ತಾರೆ, ಫೋಟೋ ಹೊಡೆದಿಟ್ಟುಕೊಳ್ಳಿ. ಐಮ್ಯಾಕ್ ಆದರೆ ಅರೆಸ್ಟಿ ಎಂಬ ಚಿತ್ರಲಿಪಿ: ಕಪ್ಪು ಚುಕ್ಕೆ ಇದ್ದಲ್ಲಿ ಶುರು, ಅಡ್ಡ ಕಡಿದ ಸಣ್ಣ ಗೀಟಿನಲ್ಲಿ ಕೊನೆ, ಇಡೀ ಗೆರೆ ಇದ್ದರೆ ವಿಮಾನ ನೆಟ್ಟಗೆ, ಕಡಿಕಡಿ ಗೆರೆಯಾದರೆ ಮಗುಚಿದ ಸ್ಥಿತಿ. ಹತ್ತು ನಿಮಿಷ ಕೂತರೆ ಓದಲು ಬರುತ್ತದೆ.

ಎತ್ತರದಿಂದ ಶುರು ಮಾಡಿ. ಕಸರತ್ತು ಯಾವ ಎತ್ತರದಲ್ಲಿ ಶುರುವಾಯಿತೋ, ಬಹುತೇಕ ಆಕಾರಗಳಲ್ಲಿ, ಅದೇ ಎತ್ತರದಲ್ಲಿ ಮುಗಿಯಬೇಕು. ಕರಾವಳಿಯವರಿಗೆ ಇಲ್ಲಿ ದೊಡ್ಡ ಅನುಕೂಲವಿದೆ: ಕಡಲು ಆಕಾಶ ಕೂಡುವ ಗೆರೆಗಿಂತ ಸಮವಾದ ಅಳತೆಕೋಲು ಇಲ್ಲ. ವಿಮಾನ ಒಳಬರುವಾಗ ಆ ಗೆರೆಯಿಂದ ಎಷ್ಟು ಮೇಲಿತ್ತು, ಹೊರಹೋಗುವಾಗ ಎಷ್ಟು ಮೇಲಿದೆ, ಅಷ್ಟೇ ನೋಡಿ. ಘಟ್ಟದ ಮೇಲೆ ಹಿನ್ನೆಲೆಯ ಗುಡ್ಡದ ಇಳಿಜಾರು ಮೋಸ ಮಾಡುತ್ತದೆ, ಸಮವಾಗಿ ಹೋದ ವಿಮಾನವೂ ಏರಿದಂತೆ ಕಾಣುತ್ತದೆ. ಅಲ್ಲಿ ನೆಟ್ಟ ಕಂಬವೊಂದರ ತುದಿಯನ್ನು ಗುರುತಿಟ್ಟುಕೊಳ್ಳಿ.

ಆಮೇಲೆ ಲೂಪ್. ಕಣ್ಣಿನಿಂದ ಒಂದೂವರೆ ಅಡಿ ದೂರ ಹಿಡಿದ ಊಟದ ತಟ್ಟೆಯಷ್ಟು ದೊಡ್ಡದಾಗಿ ಕಾಣುವ ವೃತ್ತ. ಹತ್ತುವಾಗ ವೇಗ ತಗ್ಗುತ್ತದೆ, ಇಳಿಯುವಾಗ ಏರುತ್ತದೆ, ಗಾಳಿ ಒಂದು ಕಡೆ ತಳ್ಳುತ್ತದೆ. ಪೈಲಟ್ ಕೈ ಹಾಗೇ ಬಿಟ್ಟರೆ ವೃತ್ತದ ತಲೆ ಚೂಪಾಗಿ, ಗಾಳಿ ಹೋಗುವ ಕಡೆ ಜಾರುತ್ತದೆ. ಅದನ್ನು ದುಂಡಾಗಿ ಉಳಿಸುವುದೇ ಕೆಲಸ.

ನೇರ ಮೇಲೇರುವ ಗೆರೆಯ ನಡುವೆ ರೋಲ್, ಅಂದರೆ ವಿಮಾನ ತನ್ನ ಉದ್ದದ ಸುತ್ತ ಉರುಳುವುದು, ಇದ್ದರೆ, ರೋಲ್‌ಗೆ ಮೊದಲಿನ ಗೆರೆಯೂ ನಂತರದ ಗೆರೆಯೂ ಒಂದೇ ಉದ್ದ ಇರಬೇಕು. ವಿಮಾನ ಹತ್ತುತ್ತಾ ನಿಧಾನವಾಗುವುದರಿಂದ ಮನಸ್ಸಿನಲ್ಲಿ ಎಣಿಸಿದರೆ ಎರಡನೆಯದಕ್ಕೆ ಹೆಚ್ಚು ಎಣಿಕೆ ಬೇಕು. ಎಣಿಕೆ ಸಮ ಬಂದರೆ ಉದ್ದ ಕಡಿಮೆಯಾಗಿದೆ ಎಂದರ್ಥ. ಇಲ್ಲಿ ಒಳ್ಳೊಳ್ಳೆಯವರೂ ಅಂಕ ಕಳೆದುಕೊಳ್ಳುತ್ತಾರೆ.

ನಾಲ್ಕು ಹಂತದ ರೋಲ್‌ನಲ್ಲಿ ಪ್ರತಿ 90 ಡಿಗ್ರಿಗೆ ನಿಲ್ಲಬೇಕು, ನಿಲ್ಲುವ ಹೊತ್ತು ಸಮವಿರಬೇಕು, ರೆಕ್ಕೆ ನೆಟ್ಟಗೆ ನಿಂತಾಗ ಎತ್ತರ ಕುಸಿಯಬಾರದು. ಸ್ಟಾಲ್ ಟರ್ನ್‌ನಲ್ಲಿ ವಿಮಾನ ನೆಟ್ಟಗೆ ಹತ್ತಿ, ವೇಗ ಸತ್ತ ಕ್ಷಣದಲ್ಲಿ ಇದ್ದಲ್ಲೇ ಬಾಗಿಲಿನ ಹಾಗೆ ಮಗ್ಗುಲಾಗಿ, ಬಂದ ದಾರಿಯಲ್ಲೇ ಇಳಿಯಬೇಕು. ಎಷ್ಟು ಬಳಸಿ ತಿರುಗಿತೋ ಅಷ್ಟು ಅಂಕ ಹೋಗುತ್ತದೆ. ಎರಡು ರೆಕ್ಕೆಯಗಲಕ್ಕಿಂತ ಹೆಚ್ಚು ಬಳಸಿದರೆ ಸೊನ್ನೆ. ಗಿರಕಿ ಹೊಡೆಯುತ್ತಾ ಕೆಳಗಿಳಿಯುವ ಸ್ಪಿನ್‌ಗೆ ಮುಂಚೆ ವಿಮಾನ ನಿಜಕ್ಕೂ ವೇಗ ಕಳೆದುಕೊಂಡು ಮೂಗು ಬೀಳಿಸಬೇಕು, ಒತ್ತಾಯದಿಂದ ತಿರುಗಿಸಿ ಇಳಿಸಿದ್ದು ಸ್ಪಿನ್ ಅಲ್ಲ. ಸ್ನ್ಯಾಪ್ ರೋಲ್ ಬಲು ಚುರುಕು. ಅದರಲ್ಲಿ ಬಾಲವನ್ನು ನೋಡಿ, ಶಂಕುವಿನಂತೆ ಬೀಸಿದರೆ ಸ್ನ್ಯಾಪ್, ಬಾಲ ಗೆರೆಯ ಮೇಲೇ ಇದ್ದರೆ ಬರೀ ಜೋರಾದ ರೋಲ್.

ಗಾಳಿಯಲ್ಲಿ ವಿಮಾನದ ಮೂಗು ಒಂದು ಕಡೆ, ಸಾಗುವುದು ಇನ್ನೊಂದು ಕಡೆ ಅನಿಸಬಹುದು. ಎಫ್‌3ಎಯಲ್ಲಿ ಅದು ತಪ್ಪಲ್ಲ, ಸಾಗಿದ ದಾರಿ ಸರಿಯಿದ್ದರೆ ಆಯಿತು. ಕಡಲತೀರದಲ್ಲಿ ಬೆಳಿಗ್ಗೆ ಗಾಳಿ ವಿಮಾನವನ್ನು ಆಚೆಗೆ ಒಯ್ಯುತ್ತದೆ. ಹನ್ನೊಂದರ ಮೇಲೆ ಅದೇ ವಿಮಾನವನ್ನು ಜನರ ಕಡೆಗೆ ತಳ್ಳುತ್ತದೆ. ಆಗ ಪೈಲಟ್ ಮೂಗನ್ನು ಸ್ವಲ್ಪ ಕಡಲಿನತ್ತ ಹಿಡಿದೇ ಇಡೀ ಹಾರಾಟ ಮಾಡಬೇಕು. ಕಸರತ್ತಿನಿಂದ ಕಸರತ್ತಿಗೆ ವಿಮಾನ ದೊಡ್ಡದಾಗುತ್ತಾ ಬಂದರೆ ಪೈಲಟ್ ಗಾಳಿಗೆ ಸೋಲುತ್ತಿದ್ದಾನೆ.

ಒಳ್ಳೆಯ ಹಾರಾಟ ನಿಧಾನ, ಒಂದೇ ವೇಗ, ಏನೂ ಶ್ರಮವಿಲ್ಲದಂತೆ ಕಾಣುತ್ತದೆ. ಕಿವಿಗೂ ಗೊತ್ತಾಗುತ್ತದೆ: ಮೋಟಾರಿನ ಸದ್ದು ಹತ್ತುವಾಗ ಇಳಿಯುವಾಗ ಹೆಚ್ಚು ಬದಲಾಗದು. ಒಂದರ ಹಿಂದೊಂದು ಎದುರುಬದುರು ತಿರುಗುವ ಎರಡು ಪ್ರೊಪೆಲರ್ ಇರುವ ವಿಮಾನಗಳು ಬೇರೆಯದೇ ಗುಂಯ್ ಸದ್ದು ಮಾಡುತ್ತವೆ. ಒಂದೇ ಪ್ರೊಪೆಲರ್ ವಿಮಾನವನ್ನು ಮಗ್ಗುಲಿಗೆ ಎಳೆಯುವ ಚಾಳಿ ಅದರಲ್ಲಿ ಇರುವುದಿಲ್ಲ ಎಂದು ಆ ವ್ಯವಸ್ಥೆ. ಫ್ರೀಸ್ಟೈಲ್ ಬಂದಾಗ ಜನ ಎದ್ದು ನಿಲ್ಲುತ್ತಾರೆ. ವಿಮಾನ ಮೂಗು ಮೇಲೆ ಮಾಡಿ ನೆಲದ ಮೇಲೆ ಒಂದು ಮೀಟರಿನಲ್ಲಿ ತೂಗಿದರೆ ಯಾರು ಕೂತಾರು? ಯಕ್ಷಗಾನದ ಆಟದಲ್ಲಿ ಮಂಡಿ ಕುಣಿತಕ್ಕೆ ಚಪ್ಪಾಳೆ ಬೀಳುವ ಹಾಗೆ ಅದು. ತಾಳ ತಪ್ಪಿತೋ ಇಲ್ಲವೋ ಎಂದು ನೋಡುವವರು ಬೇರೆ ಇರುತ್ತಾರೆ.

ಅಂಕದ ಹಾಳೆ

ಪ್ರತಿ ಕಸರತ್ತೂ 10ರಿಂದ ಶುರು. ತಪ್ಪಿಗೆ ತಕ್ಕಂತೆ ಅರ್ಧ ಅರ್ಧವಾಗಿ ಕಡಿಯುತ್ತಾರೆ. ಕೋನದ ತಪ್ಪಿಗೆ ಸರಿಸುಮಾರು 15 ಡಿಗ್ರಿಗೆ 1 ಅಂಕ. ಉಳಿದದ್ದನ್ನು ಕೆ ಎಂಬ ಕಷ್ಟದ ಗುಣಕದಿಂದ ಗುಣಿಸುತ್ತಾರೆ: 7.5 ಅಂಕ, ಕೆ 4 ಆದರೆ 30. ಐವರು ತೀರ್ಪುಗಾರರಿದ್ದರೆ ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ಬಿಡುತ್ತಾರೆ. ಸುತ್ತಿನಲ್ಲಿ ಮೊದಲಿಗರಿಗೆ 1000 ಕೊಟ್ಟು ಉಳಿದವರನ್ನು ಅದಕ್ಕೆ ಹೊಂದಿಸುತ್ತಾರೆ. ಮೊದಲಿಗರದು 420, ನಿಮ್ಮೂರಿನ ಹುಡುಗನದು 399 ಆದರೆ ಅವನಿಗೆ 950. ಹತ್ತು ಸ್ಪರ್ಧಿಗಳಿದ್ದರೆ ಒಂದು ಸುತ್ತಿಗೆ ಒಂದೂವರೆ ಎರಡು ತಾಸು ಬೇಕು, ಬಸ್ಸಿನ ಲೆಕ್ಕ ಹಾಗೆ ಹಾಕಿಕೊಳ್ಳಿ.

ನೀವೂ ಒಂದು ಕಾಗದದಲ್ಲಿ ಅಂಕ ಹಾಕಿ. ಮೊದಮೊದಲು ನಿಮ್ಮದು ತೀರ್ಪುಗಾರರದ್ದಕ್ಕಿಂತ ಎರಡು ಮೂರು ಹೆಚ್ಚೇ ಬರುತ್ತದೆ. ಹಾರಾಟ ನಡೆಯುವಾಗ ಜೋರಾಗಿ ಟೀಕೆ ಮಾಡಬೇಡಿ, ತೀರ್ಪುಗಾರರ ಕಿವಿ ಮೂರು ಮೀಟರ್ ದೂರದಲ್ಲಿರುತ್ತದೆ. ಚಪ್ಪಾಳೆ ಇಳಿದ ಮೇಲೆ.

ಪಿಟ್‌ನಲ್ಲಿ

ವಿಮಾನ ಜೋಡಿಸುವ ಜಾಗಕ್ಕೆ ಬಿಡುವಿನಲ್ಲಿ ಬಿಡುತ್ತಾರೆ. ಕೇಳದೆ ಒಳಹೋಗಬೇಡಿ. ವಿದ್ಯುತ್ ಮೋಟಾರಿನ ವಿಮಾನ ಸದ್ದಿಲ್ಲದೆ ಕೂತಿದ್ದರೂ ಬ್ಯಾಟರಿ ಜೋಡಿಸಿದ್ದರೆ ಯಾವ ಕ್ಷಣದಲ್ಲೂ ತಿರುಗಬಹುದು. ಪ್ರೊಪೆಲರ್‌ನ ಮುಂದೆ ನಿಲ್ಲಬಾರದು. ಅದಕ್ಕಿಂತ ಮುಖ್ಯವಾಗಿ ಅದರ ನೇರ ಪಕ್ಕಕ್ಕೂ ನಿಲ್ಲಬಾರದು, ಮುರಿದ ಅಲಗು ಹಾರುವುದು ಆ ದಿಕ್ಕಿಗೆ. ರೆಕ್ಕೆಯ ಹಿಂದಿನ ಜಾಗ ಸುರಕ್ಷಿತ. ಟ್ರಾನ್ಸ್‌ಮಿಟರ್ ಮುಟ್ಟುವುದಂತೂ ಕೂಡದು. ಮೆಥನಾಲ್ ಇಂಧನದ ಎಂಜಿನ್ ಇದ್ದಲ್ಲಿ ಬೆಂಕಿ ಹತ್ತಿದರೆ ಹಗಲಿನಲ್ಲಿ ಜ್ವಾಲೆ ಕಾಣುವುದಿಲ್ಲ, ಬಿಸಿ ಗಾಳಿ ನಡುಗುವುದಷ್ಟೇ ಕಾಣುತ್ತದೆ. ಬೀಡಿ ಸಿಗರೇಟು ಹೊರಗೇ ಇರಲಿ.

ಎಡವಟ್ಟಾದಾಗ

ಯಾರಾದರೂ ಹೆಡ್ಸ್ ಅಪ್, ಅಂದರೆ ಮೇಲೆ ನೋಡಿ ಎಚ್ಚರ, ಎಂದು ಕೂಗಿದರೆ ತಲೆ ಬಗ್ಗಿಸಬೇಡಿ, ಬೆನ್ನು ಹಾಕಿ ಓಡಲೂಬೇಡಿ. ಮೊದಲು ವಿಮಾನ ಎಲ್ಲಿದೆ ನೋಡಿ, ಅದು ಬರುವ ದಾರಿಗೆ ಅಡ್ಡವಾಗಿ ಬದಿಗೆ ಸರಿಯಿರಿ. ಹತ್ತಿರ ಜೀಪೋ ಕಾರೋ ಇದ್ದರೆ ಅದರ ಮರೆಗೆ ಹೋಗಿ. ಚಿಕ್ಕ ಮಕ್ಕಳ ಕೈ ಹಾರಾಟದ ಉದ್ದಕ್ಕೂ ಹಿಡಿದಿರಬೇಕು. ಡೆಡ್ ಸ್ಟಿಕ್ ಎಂದರೆ ಎಂಜಿನ್ ನಿಂತಿದೆ, ವಿಮಾನ ಸದ್ದಿಲ್ಲದೆ ಇಳಿಯುತ್ತಿದೆ ಎಂದು. ರನ್‌ವೇಗೆ ನಾಯಿಯೋ ದನವೋ ನುಗ್ಗಿದರೆ ನೀವು ಅಟ್ಟಲು ಹೋಗದೆ ಮಾರ್ಷಲ್‌ಗೆ ಹೇಳಿ. ತೀರದಲ್ಲಿ ಹದ್ದು, ಗರುಡ ವಿಮಾನದ ಹತ್ತಿರ ಸುಳಿಯುವುದೂ ಇದೆ. ಹೊರಗಿನ ಕಾರಣದಿಂದ ಹಾರಾಟ ಕೆಟ್ಟರೆ ಮತ್ತೊಮ್ಮೆ ಹಾರಿಸಲು ಬಿಡುವ ನಿಯಮವಿದೆ, ಅದನ್ನು ಪಕ್ಷಪಾತ ಎಂದು ಗುಲ್ಲೆಬ್ಬಿಸಬೇಡಿ.

ಬಿದ್ದ ವಿಮಾನದ ಕಡೆ ಓಡುವುದು ನಮ್ಮ ಜನರ ದೊಡ್ಡ ದೌರ್ಬಲ್ಯ. ಜಜ್ಜಿದ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಸ್ವಲ್ಪ ಹೊತ್ತಿನ ಮೇಲೂ ಹೊತ್ತಿಕೊಳ್ಳಬಹುದು, ಅದರ ಹೊಗೆ ವಿಷ. ಎಫ್‌3ಎ ವಿಮಾನದಲ್ಲಿ ಇರುವುದು 10 ಸೆಲ್‌ಗಳು, ಪೂರ್ತಿ ತುಂಬಿದಾಗ 42 ವೋಲ್ಟ್. ಕಡಲಿಗೆ ಬಿದ್ದದ್ದು ಇನ್ನೂ ಕೆಟ್ಟದ್ದು, ಉಪ್ಪುನೀರು ತಂತಿಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಸಂಘಟಕರ ದೋಣಿ ತರುವವರೆಗೆ ಈಜಿ ಹೋಗಬೇಡಿ. ತಂದ ಮೇಲೆ ಬ್ಯಾಟರಿಯನ್ನು ಜನರಿಂದ ದೂರ, ಬರೀ ಮರಳಿನ ಮೇಲೆ ಇಡಬೇಕು. ಘಟ್ಟದ ಮೇಲೆ ಅಡಿಕೆ ಮರದ ಸೋಗೆಯಲ್ಲಿ ವಿಮಾನ ಸಿಕ್ಕಿಕೊಂಡರೆ ತೋಟದವರ ಅಪ್ಪಣೆ ಪಡೆದು, ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡರನ್ನು ಕರೆಸುವುದೇ ದಾರಿ. ಈಚಿನ ಕಾರ್ಬನ್ ಫೈಬರ್ ದೋಟಿ (ಕೊಯ್ಲಿನ ಉದ್ದ ಕೋಲು) ಇದ್ದರೆ ಹತ್ತದೆಯೂ ಇಳಿಸಬಹುದು. ವಿಮಾನದ ರೆಕ್ಕೆಯೊಳಗಿನ ಕೊಳವೆಯೂ ಅದೇ ವಸ್ತುವಿನದು, ನೋಡಿ.

ನಿಮ್ಮ ಡ್ರೋನ್ ಬೇಡ

ಸ್ಪರ್ಧೆಯನ್ನು ಮೇಲಿನಿಂದ ಚಿತ್ರೀಕರಿಸುತ್ತೇನೆ ಎಂದು ಡ್ರೋನ್ ತರುವವರಿದ್ದಾರೆ. ಬಾಕ್ಸ್‌ನೊಳಗೆ ಇನ್ನೊಂದು ವಸ್ತು ಕಂಡ ಕೂಡಲೇ ಹಾರಾಟ ನಿಲ್ಲುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಅನುಮತಿ ಬೇಡದ ಹಸಿರು ವಲಯದಲ್ಲೂ ಮುಕ್ತ ಹಾರಾಟ 400 ಅಡಿ, ಅಂದರೆ 120 ಮೀಟರ್‌ವರೆಗೆ ಮಾತ್ರ. ಎಫ್‌3ಎ ಬಾಕ್ಸ್ 260 ಮೀಟರ್‌ವರೆಗೆ ಏರುವುದರಿಂದ ಸಂಘಟಕರೇ ಬೇರೆ ಅನುಮತಿ ಪಡೆದಿರಬೇಕಾಗುತ್ತದೆ. ಆ ಅನುಮತಿ ಅವರ ವಿಮಾನಗಳಿಗೆ, ನಿಮ್ಮ ಡ್ರೋನಿಗಲ್ಲ. ಅರ್ಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ, ಒಳನಾಡಿನಲ್ಲಿ ಕೈಗಾ ಅಣುಸ್ಥಾವರ ಇರುವ ತಾಲೂಕು ಕಾರವಾರ. ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಆಟಿಕೆ ಡ್ರೋನನ್ನೂ ಮೇಲೇರಿಸಬೇಡಿ.

ಕೊನೆಯ ಸುತ್ತು ಮುಗಿದ ಮೇಲೆ ಅಂಕ ಕೂಡಿಸಿ ಹೊಂದಿಸಲು ಸಮಯ ಹಿಡಿಯುತ್ತದೆ. ಪೈಲಟ್‌ಗಳು ಮಾತಿಗೆ ಸಿಗುವುದು ಆಗಲೇ. ರೆಕ್ಕೆ ಬಿಚ್ಚುವಾಗ ಕೇಳಿ ಕೈಯಲ್ಲಿ ಹಿಡಿದು ನೋಡಿ, 2 ಮೀಟರ್ ವಿಮಾನ ಎಷ್ಟು ಹಗುರ ಎಂದು ಆಶ್ಚರ್ಯವಾಗುತ್ತದೆ. ಕಾರವಾರದಲ್ಲೇ ಇದ್ದು ಇನ್ನೂ ಹೊತ್ತಿದ್ದರೆ ಟಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ಬಳಿ ಇಟ್ಟಿರುವ ಟುಪೊಲೆವ್ 142 ವಿಮಾನಕ್ಕೆ ಒಂದು ಸುತ್ತು ಬನ್ನಿ; ಅದರ ರೆಕ್ಕೆ 50 ಮೀಟರ್, ಮೂಗಿನ ಕಡೆಯಿಂದ ನೋಡಿದರೆ ಎದುರುಬದುರು ತಿರುಗುವ ಜೋಡಿ ಪ್ರೊಪೆಲರ್‌ಗಳೂ ಕಾಣುತ್ತವೆ. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತಬೇಕಾದವರು ಮಾತ್ರ ಬಹುಮಾನ ವಿತರಣೆಗೆ ಕಾಯದೆ ಬೆಳಕಿರುವಾಗಲೇ ಹೊರಡಿ.